192 ಜೋಡಿಚೌಕಗಳ ಕೌದಿ

ಮಳೆಗಾಲದಲ್ಲಿ ಹಿಡಿದ ಕೌದಿಯ ಮೇಲ್ಪದರ ಈ ವಾರ ಪೂರ್ತಿಯಾಯಿತು. ಅಗಲ 48 ಇಂಚು, ಉದ್ದ 64 ಇಂಚು. ಅದರಲ್ಲಿ 4 ಇಂಚಿನ 192 ಚೌಕಗಳಿವೆ. ಒಂದೊಂದು ಚೌಕದಲ್ಲೂ ತಿಳಿಬಣ್ಣದ ಒಂದು ತ್ರಿಕೋನ, ಗಾಢಬಣ್ಣದ ಒಂದು ತ್ರಿಕೋನ ಕರ್ಣದುದ್ದಕ್ಕೂ ಕೂಡಿಕೊಂಡಿವೆ. ಇಂಗ್ಲಿಷಿನಲ್ಲಿ ಇದಕ್ಕೆ ಹಾಫ್ ಸ್ಕ್ವೇರ್ ಟ್ರಯಾಂಗಲ್ ಎನ್ನುತ್ತಾರೆ, ನಾನು ಜೋಡಿಚೌಕ ಎಂದು ಕರೆದುಕೊಂಡಿದ್ದೇನೆ. ಬಟ್ಟೆಯೆಲ್ಲ ಮನೆಯ ಹೊಲಿಗೆಯಲ್ಲಿ ಉಳಿದ ಚೂರುಗಳೇ: ಅಂಗಿಯ ಹತ್ತಿಬಟ್ಟೆ, ಲಂಗದ ಚೀಟಿಬಟ್ಟೆ, ಹಳೆಯ ಇಳಕಲ್ ಸೀರೆಯ ಗಟ್ಟಿಯಿದ್ದ ಭಾಗ, ಗುಳೇದಗುಡ್ಡದ ಖಣದ ನಾಲ್ಕಾರು ತುಂಡು.

ನಮ್ಮ ಕಡೆಯ ಕೌದಿಯಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಒಂದೇ ಸಾಲುಹೊಲಿಗೆಯಲ್ಲಿ ತುಂಡನ್ನೂ ಪದರವನ್ನೂ ಒಟ್ಟಿಗೆ ಹಿಡಿಯುತ್ತಾರೆ. ತುಂಡು ಸ್ವಲ್ಪ ಸೊಟ್ಟಗಿದ್ದರೂ ಅಂಚು ಮಡಚಿದರೆ ಸರಿಹೋಗುತ್ತದೆ. ಜೋಡಿಚೌಕದಲ್ಲಿ ಆ ಸಲಿಗೆಯಿಲ್ಲ. ಇಲ್ಲಿ ಮೊದಲು ತುಂಡಿಗೆ ತುಂಡು ಕೂಡಬೇಕು, ಆಮೇಲೆ ಪದರದ ಮಾತು. ಒಂದೊಂದು ಹೊಲಿಗೆಯಲ್ಲೂ ನೂಲೆಳೆಯಷ್ಟು ತಪ್ಪಿದರೂ ಆ ತಪ್ಪು ಹನ್ನೆರಡು ಚೌಕದ ಸಾಲಿನ ಕೊನೆಗೆ ಬರುವಷ್ಟರಲ್ಲಿ ಕಾಲು ಇಂಚಾಗಿ ಬೆಳೆದಿರುತ್ತದೆ.

ಜೋಡಿಚೌಕ ಮಾಡುವುದು ಸುಲಭ. 5 ಇಂಚಿನ ಒಂದು ತಿಳಿಚೌಕ ಮತ್ತು ಒಂದು ಗಾಢಚೌಕವನ್ನು ಸೀದಾ ಬದಿಗಳು ಒಳಗೆ ಬರುವಂತೆ ಒಂದರ ಮೇಲೊಂದಿಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ದೂರದಲ್ಲಿ ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿಸಿದರೆ ಎರಡು ಜೋಡಿಚೌಕ ಸಿಗುತ್ತವೆ. ಕರ್ಣದ ಅಂಚು ಟೈಲರುಗಳು ಕ್ರಾಸ್ ಎನ್ನುವ ಓರೆಯ ಅಂಚು. ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಅದನ್ನು ನೇರವಾಗಿ ಹಿಡಿದಿರುವುದಿಲ್ಲವಾದ್ದರಿಂದ ಎಳೆದಷ್ಟೂ ಹಿಗ್ಗುತ್ತದೆ. ಅದಕ್ಕಾಗಿಯೇ ಮೊದಲು ಹೊಲಿಗೆ, ಆಮೇಲೆ ಕತ್ತರಿ. ನಾನು ಬಟ್ಟೆಗೆ ಮೊದಲೇ ಗಂಜಿ ಹಾಕಿ ಇಸ್ತ್ರಿ ಮಾಡಿಕೊಳ್ಳುತ್ತೇನೆ, ಹೊಲಿದ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ ಒತ್ತಿ ಎತ್ತುತ್ತೇನೆ, ಕೊನೆಗೆ ಪ್ರತಿಯೊಂದರ ಅಂಚನ್ನೂ ನಾಲ್ಕೂವರೆ ಇಂಚಿಗೆ ಸವರುತ್ತೇನೆ; ಕೂಡುವಾಗ ಪ್ರತಿ ಬದಿಗೆ ಕಾಲು ಇಂಚು ಹೊಲಿಗೆಯೊಳಗೆ ಹೋಗಿ 4 ಇಂಚು ಉಳಿಯುತ್ತದೆ. ಸವರುವುದು ಬೇಸರದ ಕೆಲಸವೇ ಸರಿ, ಆದರೆ ಅದನ್ನು ಬಿಟ್ಟವರ ಕೌದಿಯಲ್ಲಿ ತ್ರಿಕೋನಗಳ ಮೊನೆ ಮೊಂಡಾಗಿರುತ್ತದೆ.

ಇದರಲ್ಲಿ ನಿಜವಾಗಿ ಕಾಲ ಬೇಡುವುದು ಜೋಡಣೆ. ಚೂರು ಬಟ್ಟೆಯ ಕೌದಿಯೆಂದರೆ ಕೈಗೆ ಸಿಕ್ಕಿದ್ದನ್ನು ಸಿಕ್ಕಹಾಗೆ ಸೇರಿಸುವುದೆಂದು ಎಷ್ಟೋ ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ನೂರು ಬಗೆಯ ಬಟ್ಟೆಯಿದ್ದಾಗ ಬಣ್ಣಗಳು ಒಂದರ ಮಾತನ್ನು ಇನ್ನೊಂದು ಕೇಳುವುದಿಲ್ಲ. ಚಿತ್ತಾರವನ್ನು ಹಿಡಿದು ನಿಲ್ಲಿಸುವುದು ತಿಳಿ ಮತ್ತು ಗಾಢದ ವ್ಯತ್ಯಾಸವೊಂದೇ. ಕೆಂಪು, ಹಸಿರು, ನೀಲಿ ಏನೇ ಇರಲಿ, ಗಾಢವಾದದ್ದು ಗಾಢದ ಜಾಗದಲ್ಲಿ ಕೂತರೆ ದೂರದಿಂದ ನೋಡಿದಾಗ ಗೆರೆ ಮುರಿಯುವುದಿಲ್ಲ.

ಕಷ್ಟ ಬರುವುದು ನಡುವಣ ಬಣ್ಣಗಳಲ್ಲಿ. ಸಾಸಿವೆ ಬಣ್ಣದ ಒಂದು ಖಣದ ತುಂಡು ನನ್ನನ್ನು ಎರಡು ದಿನ ಕಾಡಿತು. ಬಿಳಿಯ ಪಕ್ಕದಲ್ಲಿಟ್ಟರೆ ಅದು ಗಾಢ, ಇಳಕಲ್ಲಿನ ದಾಳಿಂಬೆ ಕೆಂಪಿನ ಪಕ್ಕದಲ್ಲಿಟ್ಟರೆ ಅದೇ ತಿಳಿ. ಕಿಟಕಿಯ ಬೆಳಕು ಬಿದ್ದಾಗ ಅದರ ರೇಷ್ಮೆಯೆಳೆ ಮಿಂಚಿ ಇನ್ನಷ್ಟು ತಿಳಿಯಾಗಿ ಕಾಣುತ್ತಿತ್ತು. ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿದೆ: ಅದರ ಬೂದುಬಣ್ಣ ಕೆಂಪಿನದಕ್ಕಿಂತ ಸ್ಪಷ್ಟವಾಗಿ ತಿಳಿಯಾಗಿತ್ತು. ಅದನ್ನು ತಿಳಿಯ ರಾಶಿಗೇ ಸೇರಿಸಿ, ಪ್ರತಿ ಸಲವೂ ಕಡುಗೆಂಪಿನ ಅಥವಾ ಕಡುನೀಲಿಯ ಜೊತೆಗೇ ಜೋಡಿ ಮಾಡಿದೆ. ಇಂಥ ತುಂಡುಗಳನ್ನು ಬಿಟ್ಟುಬಿಡಬಾರದೆಂದು ಈಗ ಗಟ್ಟಿಯಾಗಿ ನಂಬುತ್ತೇನೆ. ಬರೀ ತಿಳಿ, ಬರೀ ಗಾಢ ಇದ್ದರೆ ಕೌದಿ ಚದುರಂಗದ ಹಲಗೆಯಂತೆ ಬಿಗಿಯಾಗುತ್ತದೆ, ನಡುವಣ ಬಣ್ಣಗಳು ಅದಕ್ಕೆ ಉಸಿರಾಡಲು ಜಾಗ ಕೊಡುತ್ತವೆ.

ಅವೇ ಚೌಕಗಳನ್ನು ತಿರುಗಿಸಿದಂತೆಲ್ಲ ಬೇರೆ ಬೇರೆ ಚಿತ್ತಾರ ಹುಟ್ಟುತ್ತದೆ. ನಾಲ್ಕನ್ನು ಸುತ್ತ ತಿರುಗಿಸಿಟ್ಟರೆ ಗಿರಿಗಿಟ್ಲೆ. ಅದು ಚೆಂದವಾದರೂ ಎಂಟು ತ್ರಿಕೋನಗಳ ಮೊನೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಹಿಂದೊಮ್ಮೆ ದಿಂಬಿನ ಕವರಿಗೆ ಹೊಲಿದಾಗ ನಡುವೆ ಹುಣಸೆಬೀಜದಷ್ಟು ಗಂಟಾಗಿತ್ತು. ಈ ಸಲ ಆರಿಸಿಕೊಂಡದ್ದು ನಡುವಿನಿಂದ ಹೊರಕ್ಕೆ ಒಂದರ ಸುತ್ತ ಒಂದು ಹರಡುವ ವಜ್ರಾಕಾರದ ಬಳೆಗಳು. ನೆಲದ ಮೇಲೆ ಬೆಡ್‌ಶೀಟ್ ಹಾಸಿ, ಹನ್ನೆರಡು ಅಡ್ಡ, ಹದಿನಾರು ಉದ್ದಕ್ಕೆ ಎಲ್ಲವನ್ನೂ ಇಟ್ಟೆ. ಒಂದೇ ಬಟ್ಟೆ ಅಕ್ಕಪಕ್ಕ ಬರಬಾರದು, ಕಣ್ಣಿಗೆ ಹೊಡೆಯುವ ಕೆಂಪು ಒಂದೇ ಮೂಲೆಯಲ್ಲಿ ಗುಂಪುಗೂಡಬಾರದು. ಕುರ್ಚಿಯ ಮೇಲೆ ನಿಂತು ನೋಡುವುದು, ಇಳಿದು ಎರಡನ್ನು ಅದಲುಬದಲು ಮಾಡುವುದು, ಮತ್ತೆ ಹತ್ತುವುದು. ಹೀಗೆ ಮೂರು ಸಂಜೆ ಕಳೆದವು.

ಕೂಡುವಾಗ ಹದಿನಾರು ಚೌಕಗಳ ಒಂದು ಬ್ಲಾಕಿನಂತೆ ಹನ್ನೆರಡು ಬ್ಲಾಕು ಮಾಡಿಕೊಂಡೆ. ಬೆಸ ಸಾಲುಗಳ ಹೊಲಿಗೆಯಂಚನ್ನು ಎಡಕ್ಕೂ ಸಮ ಸಾಲುಗಳದ್ದನ್ನು ಬಲಕ್ಕೂ ಒತ್ತಿದರೆ, ಸಾಲಿಗೆ ಸಾಲು ಸೇರಿಸುವಾಗ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ತಾನಾಗಿ ಕೂರುತ್ತದೆ. ಬೆರಳು ಆಡಿಸಿದರೆ ಅದು ಕೂತದ್ದು ತಿಳಿಯುತ್ತದೆ, ಆಗಲೇ ಗುಂಡುಸೂಜಿ ಚುಚ್ಚಬೇಕು.

ಏಳನೆಯ ಬ್ಲಾಕಿನಲ್ಲಿ ಒಂದು ಚೌಕ ತಲೆಕೆಳಗಾಗಿಬಿಟ್ಟಿತು. ಕರ್ಣದ ಗೆರೆ ನೇರವಾಗಿಯೇ ಇದ್ದುದರಿಂದ ಹತ್ತಿರದಿಂದ ಕಾಣಲಿಲ್ಲ. ಗಾಢ ಇರಬೇಕಾದಲ್ಲಿ ತಿಳಿ ಬಂದು ಬಳೆಯೊಂದು ತುಂಡಾದದ್ದು ಪೂರ್ತಿ ಸೇರಿಸಿದ ಮೇಲೆ ಫೋಟೊದಲ್ಲಿ ಕಂಡಿತು. ಅದರ ನಾಲ್ಕೂ ಬದಿಯ ಹೊಲಿಗೆ ಬಿಚ್ಚಿ, ಓರೆಯಂಚು ಹಿಗ್ಗದಂತೆ ಹಿಡಿದು ಮತ್ತೆ ಹೊಲಿಯಲು ಒಂದು ಮಧ್ಯಾಹ್ನ ಹೋಯಿತು. ಅಂದಿನಿಂದ ಪ್ರತಿ ಚೌಕಕ್ಕೂ ಸಾಲಿನ ಸಂಖ್ಯೆ ಬರೆದ ಚೀಟಿಯನ್ನು ಮೇಲಿನ ಎಡಮೂಲೆಯಲ್ಲೇ ಚುಚ್ಚುತ್ತೇನೆ; ಚೀಟಿ ಬೇರೆ ಮೂಲೆಯಲ್ಲಿ ಕಂಡರೆ ಚೌಕ ತಿರುಗಿದೆಯೆಂದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಕೆಳಪದರಕ್ಕೆ ಅವ್ವನ ಎರಡು ಹತ್ತಿಸೀರೆ ತೊಳೆದು ಒಣಹಾಕಿದ್ದೇನೆ. ಮೂರೂ ಪದರ ಹಿಡಿಯುವ ಸಾಲುಹೊಲಿಗೆಯನ್ನು ಮಾತ್ರ ಯಂತ್ರದಲ್ಲಿ ಹಾಕದೆ, ಅವಳು ಹಾಕುತ್ತಿದ್ದಂತೆ ಕೈಯಲ್ಲೇ ಹಾಕುತ್ತೇನೆ.