ಶೇಕ್ಸ್‌ಪಿಯರ್ ಕಾಲೇಜು ಮೆಟ್ಟಿಲು ಹತ್ತದೆ ಅಷ್ಟೆಲ್ಲ ಹೇಗೆ ಬರೆದ?

ಕೈಗವಸು ಹೊಲಿಯುವವನ ಮಗ, ಯೂನಿವರ್ಸಿಟಿಯ ಮುಖ ನೋಡಿಲ್ಲ, ಮತ್ತೆ ಆ ನಾಟಕಗಳೆಲ್ಲ ಎಲ್ಲಿಂದ ಬಂದವು ಅಂತ ತುಂಬ ಜನ ನನ್ನನ್ನು ಕೇಳುತ್ತಾರೆ. ಅವನ ಊರಿನ ಶಾಲೆಯನ್ನು ನೋಡಿ ಅನ್ನುವುದೇ ನನ್ನ ಉತ್ತರ.

ಅವನ ಊರಾದ ಸ್ಟ್ರಾಟ್‌ಫರ್ಡಿನ ಗ್ರಾಮರ್ ಸ್ಕೂಲಿನ ಆ ಕಾಲದ ದಾಖಲೆ ಉಳಿದಿಲ್ಲ. ಆದರೂ ಅವನು ಓದಿದ್ದು ಅಲ್ಲೇ ಅಂತ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಇಂಥ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ಲ್ಯಾಟಿನ್. ಮೊದಲು ವಿಲಿಯಂ ಲಿಲಿ ಹೆಸರಿನ ಲ್ಯಾಟಿನ್ ವ್ಯಾಕರಣದ ಬಾಯಿಪಾಠ, ಆಮೇಲೆ ಹಳೆಯ ರೋಮಿನ ಲೇಖಕರಾದ ಟೆರೆನ್ಸ್, ಸಿಸೆರೊ, ವರ್ಜಿಲ್, ಓವಿಡ್. ತಪ್ಪಿದರೆ ಬೆತ್ತದ ಏಟು. ಹುಡುಗಿಯರಿಗಂತೂ ಈ ಓದು ಸಿಗುತ್ತಲೇ ಇರಲಿಲ್ಲ. ಶೇಕ್ಸ್‌ಪಿಯರನ ಸ್ವಂತ ಮಗಳು ಜುಡಿತ್ 1611ರಲ್ಲಿ ಒಂದು ದಸ್ತಾವೇಜಿಗೆ ಸಹಿ ಹಾಕದೆ ಬರೀ ಗುರುತು ಹಾಕಿದ್ದಾಳೆ, ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಬಾಯಿಪಾಠದಿಂದ ನಾಟಕಕಾರ ಹುಟ್ಟುವುದಿಲ್ಲ, ಅಲ್ವಾ? ಮುಖ್ಯವಾದದ್ದು ಆಮೇಲಿನ ಅಭ್ಯಾಸ. ಡಚ್ ವಿದ್ವಾಂಸ ಎರಾಸ್ಮಸ್ 1512ರಲ್ಲಿ ಹೊರತಂದ ಪಠ್ಯದಲ್ಲಿ ‘ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು’ ಅನ್ನುವಂಥ ಒಂದೇ ಮಾತನ್ನು ನೂರಕ್ಕೂ ಹೆಚ್ಚು ಥರ ಹೇಳಿ ತೋರಿಸಿದ್ದಾನೆ. ಇನ್ನೊಂದು ಅಭ್ಯಾಸ ಇದಕ್ಕಿಂತ ದೊಡ್ಡದು. ಟ್ರಾಯ್ ಪಟ್ಟಣ ಬಿದ್ದಾಗ, ಗಂಡ ಮಕ್ಕಳನ್ನು ಕಳೆದುಕೊಂಡ ರಾಣಿ ಹೆಕುಬಾ ಏನಂತ ಗೋಳಾಡಿರಬಹುದು, ಅವಳ ಬಾಯಲ್ಲೇ ಬರೆಯಿರಿ ಅಂತ ಹುಡುಗರಿಗೆ ಹೇಳುತ್ತಿದ್ದರು. ಮೀಸೆ ಮೂಡದ ಹುಡುಗ ಮುದಿ ರಾಣಿಯ ದುಃಖಕ್ಕೆ ಮಾತು ಹುಡುಕಬೇಕು, ಅದೂ ಲ್ಯಾಟಿನ್ನಿನಲ್ಲಿ! ಹ್ಯಾಮ್ಲೆಟ್ ನಾಟಕದಲ್ಲಿ ನಟನೊಬ್ಬ ಅದೇ ಹೆಕುಬಾಳಿಗಾಗಿ ಕಣ್ಣೀರು ಹಾಕುತ್ತಾನೆ, ಅವಳಿಗೂ ಇವನಿಗೂ ಏನು ಸಂಬಂಧ ಅಂತ ಹ್ಯಾಮ್ಲೆಟ್ ತಲೆ ಕೆಡಿಸಿಕೊಳ್ಳುತ್ತಾನೆ. ಒಂದೇ ವಿಷಯದ ಪರವಾಗಿಯೂ ವಿರುದ್ಧವಾಗಿಯೂ ವಾದಿಸುವುದನ್ನೂ ಕಲಿಸುತ್ತಿದ್ದರು. ಜೂಲಿಯಸ್ ಸೀಸರ್ ನಾಟಕದಲ್ಲಿ ಸೀಸರನ ಕೊಲೆಯಾದ ಮೇಲೆ, ಕೊಂದವರಲ್ಲೊಬ್ಬನಾದ ಬ್ರೂಟಸ್ ಮಾತಾಡಿದಾಗ ಅವನೇ ಸರಿ ಅನಿಸುತ್ತದೆ, ಸೀಸರನ ಗೆಳೆಯ ಆಂಟನಿ ಬಾಯಿ ತೆರೆದ ಮೇಲೆ ಎಲ್ಲ ತಲೆಕೆಳಗು.

ಓವಿಡನನ್ನಂತೂ ಶೇಕ್ಸ್‌ಪಿಯರ್ ಕೊನೆತನಕ ಬಿಡಲಿಲ್ಲ. ಟೈಟಸ್ ನಾಟಕದಲ್ಲಿ ನಾಲಿಗೆ, ಕೈ ಎರಡೂ ಕಳೆದುಕೊಂಡ ಲವಿನಿಯಾ ತನಗಾದ ಅತ್ಯಾಚಾರವನ್ನು ತಿಳಿಸುವುದೇ ಓವಿಡನ ಪುಸ್ತಕದಲ್ಲಿ ಅಂಥದೇ ಕಥೆಯಿರುವ ಹಾಳೆ ತಿರುವಿ.

ಅದೇ ಕಾಲದ ನಾಟಕಕಾರ ಬೆನ್ ಜಾನ್ಸನ್ 1623ರಲ್ಲಿ ಇವನಿಗೆ ಲ್ಯಾಟಿನ್ ಸ್ವಲ್ಪವೇ ಬರುತ್ತಿತ್ತು ಎಂದು ಬರೆದನಲ್ಲ ಅಂತ ಕೆಲವರು ಎದುರು ವಾದ ಹೂಡುತ್ತಾರೆ. ಜಾನ್ಸನ್ ಮಹಾ ಪಂಡಿತ, ಅವನ ಲೆಕ್ಕದಲ್ಲಿ ಸ್ವಲ್ಪ ಅಂದರೆ ನಮ್ಮ ಲೆಕ್ಕದಲ್ಲಿ ಜಾಸ್ತಿಯೇ. ಅವನೂ ಯೂನಿವರ್ಸಿಟಿ ಓದಿ ಮುಗಿಸಿದವನಲ್ಲ, ಅವನ ಲ್ಯಾಟಿನ್ನಿಗೂ ಬುನಾದಿ ಹಾಕಿದ್ದು ವೆಸ್ಟ್‌ಮಿನ್ಸ್ಟರ್ ಶಾಲೆ.