ಐಸ್‌ಲ್ಯಾಂಡಿನಲ್ಲಿ ಹಿಮಸಾರಂಗ, ಆಮೇಲೆ ಸಾಲ್ಮನ್: ಟಿಕೆಟ್ ಕೊನೆಗೆ ತೆಗೆಯಿರಿ

ಐಸ್‌ಲ್ಯಾಂಡಿನ ಪೂರ್ವ ಭಾಗದಲ್ಲಿ ಹಿಮಸಾರಂಗದ (ರೇನ್‌ಡೀರ್) ಬೇಟೆ, ಅದರ ಬೆನ್ನಿಗೇ ನದಿಯಲ್ಲಿ ಸಾಲ್ಮನ್ ಮೀನಿಗೆ ಗಾಳ. ಎರಡನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬೇಕು ಎನ್ನುವವರು ಮೊದಲು ಅಗ್ಗದ ವಿಮಾನ ಹುಡುಕುತ್ತಾರೆ, ಆಮೇಲೆ ರೈಫಲ್ ವಿಚಾರ ಕೇಳುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲೇ. ಮೊದಲು ಕೈಗೆ ಬರಬೇಕಾದದ್ದು ಬೇಟೆಯ ಪರವಾನಗಿ, ಆಮೇಲೆ ನದಿಯಲ್ಲಿ ಗಾಳ ಹಾಕುವ ದಿನಗಳು, ಆಮೇಲೆ ಗೈಡ್. ಟಿಕೆಟ್ ಎಲ್ಲಕ್ಕಿಂತ ಕೊನೆ.

ಇದು ಹೆಚ್ಚಾಗಿ ಹೊರದೇಶದಲ್ಲಿ ನೆಲೆಸಿ, ಅಲ್ಲಿಯ ಬೇಟೆ ಲೈಸೆನ್ಸ್ ಪಡೆದಿರುವ ಕನ್ನಡಿಗರಿಗೆ. ನಿಮ್ಮ ದೇಶದಲ್ಲಿ ಇಂಥ ಬೇಟೆಗೆ ನಿಮಗೆ ಅರ್ಹತೆ ಇದೆ ಎಂಬ ದಾಖಲೆಯನ್ನು ಐಸ್‌ಲ್ಯಾಂಡ್ ಕೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಈಗ ಶಿಕಾರಿಗೆ ಅಂಥ ಲೈಸೆನ್ಸೇ ಇಲ್ಲ. ಬಂದೂಕಿನ ಲೈಸೆನ್ಸ್ ಇದ್ದರೆ ಅದು ಬೇರೆ ಕಾಗದ. ಕೊಡಗಿನವರ ಕೋವಿ ವಿನಾಯಿತಿ ಪತ್ರವೂ ಬಂದೂಕು ಇಟ್ಟುಕೊಳ್ಳುವ ಹಕ್ಕಿನದೇ ಹೊರತು ಬೇಟೆಯದಲ್ಲ. ಊರಿಂದ ಹೊರಡುವವರು ಗಾಳಕ್ಕೆ ಬರಲಿ, ಬೇಟೆಯ ದಿನ ಗೈಡ್ ಜೊತೆ ನಡೆದು ನೋಡಲಿ.

ಈ ಪ್ರಾಣಿ ಆ ದ್ವೀಪದ್ದಲ್ಲ. 1771ರಿಂದ 1787ರವರೆಗೆ ನಾಲ್ಕು ಸಲ ನಾರ್ವೆಯಿಂದ ತಂದು ಬಿಟ್ಟರು. ಕೊನೆಯ ಸಲ ಈಶಾನ್ಯ ಕರಾವಳಿಯ ವೋಪ್ನಾಫ್ಯೋರ್ದುರ್ ಬಳಿ ಇಳಿಸಿದ ಹಿಂಡು ಮಾತ್ರ ಉಳಿದು ಬೆಳೆಯಿತು. ಇವತ್ತಿಗೂ ಹಿಮಸಾರಂಗ ಇರುವುದು ಪೂರ್ವದಲ್ಲೇ. ತೋಳವಾಗಲಿ ಕರಡಿಯಾಗಲಿ ಇಲ್ಲದ ನೆಲ, ಹಾಗಾಗಿ ಹಿಂಡಿನ ಸಂಖ್ಯೆಯನ್ನು ಬೇಟೆಯಿಂದಲೇ ಹಿಡಿತದಲ್ಲಿಡುತ್ತಾರೆ. ಪ್ರತಿ ವರ್ಷ ಎಣಿಕೆ ಮಾಡಿ, ಒಂಬತ್ತು ಪ್ರದೇಶಗಳಿಗೆ ಗಂಡೆಷ್ಟು ಹೆಣ್ಣೆಷ್ಟು ಎಂದು ಕೋಟಾ ಹಂಚುತ್ತಾರೆ. 2019ರಲ್ಲಿ 1,451 ಇದ್ದ ಕೋಟಾ ಇತ್ತೀಚೆಗೆ ಸಾವಿರದ ಕೆಳಗಿಳಿದಿದೆ. ಅರ್ಜಿಗಳು ಅದಕ್ಕಿಂತ ಬಹಳ ಹೆಚ್ಚು ಬರುವುದರಿಂದ ಲಾಟರಿ ಎತ್ತುತ್ತಾರೆ.

ಅರ್ಜಿಗೆ ಫೆಬ್ರವರಿ ಕೊನೆಯವರೆಗೆ ಸಮಯ. ಲಾಟರಿಯಲ್ಲಿ ಹೆಸರು ಬಂದರೆ ಏಪ್ರಿಲ್ ಮಧ್ಯದೊಳಗೆ ಹಣ ಕಟ್ಟಬೇಕು, ಇಲ್ಲದಿದ್ದರೆ ಪರವಾನಗಿ ಕಾಯುವ ಪಟ್ಟಿಯವರ ಪಾಲು. ಗಂಡಿನ ಪರವಾನಗಿಯೇ ಬೇಕೆಂದು ಪಟ್ಟು ಹಿಡಿಯಬೇಡಿ. ಅದು ದುಬಾರಿ, ಪೈಪೋಟಿಯೂ ಜಾಸ್ತಿ. ಮಾಂಸದ ಸಲುವಾಗಿ ಹೋಗುವವರಿಗೆ ಹೆಣ್ಣೇ ಸರಿ: ಕರುಳು ತೆಗೆದು ತೊಗಲು ಸುಲಿದ ಮೇಲೆ ಸುಮಾರು 40 ಕಿಲೋ, ಇಬ್ಬರು ಹೊತ್ತು ತರಬಹುದು. ದೊಡ್ಡ ಗಂಡು ಅದರ ಎರಡು ಪಟ್ಟು ತೂಗುತ್ತದೆ. ರಸ್ತೆ ಬಿಟ್ಟು ಗಾಡಿ ಓಡಿಸುವುದು ಐಸ್‌ಲ್ಯಾಂಡಿನಲ್ಲಿ ಅಪರಾಧ, ದಂಡವೂ ಭಾರಿ. ಹೊಡೆದ ಪ್ರಾಣಿಯನ್ನು ಗುಡ್ಡದಿಂದ ಇಳಿಸುವುದು ಹೇಗೆ ಎಂದು ಗೈಡ್‌ನನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಗಂಡಿನ ಬೇಟೆ ಆಗಸ್ಟ್ 1ರಿಂದ ಸೆಪ್ಟೆಂಬರ್ 15ರವರೆಗೆ, ಹೆಣ್ಣಿನದು ಸೆಪ್ಟೆಂಬರ್ 20ರವರೆಗೆ. ಗಂಡಿಗೆ ಮೊದಲೇ ಮುಗಿಸುವುದಕ್ಕೆ ಕಾರಣ ಇದೆ. ಬೆದೆಯ ಕಾಲ ಹತ್ತಿರವಾದಂತೆ ಗಂಡು ಮೇವು ಬಿಡುತ್ತದೆ, ಮಾಂಸಕ್ಕೆ ಗಬ್ಬುವಾಸನೆ ಹತ್ತುತ್ತದೆ. ಆಗಸ್ಟ್ ಕೊನೆಯ ಹತ್ತು ದಿನ ಕೊಬ್ಬು ತುಂಬಿರುವ ಹೊತ್ತು. ಹೆಣ್ಣಾದರೆ ಆಗಸ್ಟ್ ಮೊದಲ ಎರಡು ವಾರ ಬಿಟ್ಟುಬಿಡಿ. ಆಗ ಕರು ಇನ್ನೂ ಹಾಲಿನ ಮೇಲಿರುತ್ತದೆ.

ಗೈಡ್ ಇಲ್ಲಿ ಇಷ್ಟವಿದ್ದರೆ ಇಟ್ಟುಕೊಳ್ಳುವ ಸೌಕರ್ಯವಲ್ಲ. ಮಾನ್ಯತೆ ಪಡೆದ ಗೈಡ್ ಜೊತೆಗಿಲ್ಲದೆ ಬೇಟೆಗೆ ಹೋಗುವಂತಿಲ್ಲ, ಇದು ಕಾನೂನು. ಯಾವ ಪ್ರಾಣಿಗೆ ಗುಂಡು ಎಂದು ತೋರಿಸುವವನೂ ಅವನೇ. ಒಳ್ಳೆಯವರ ದಿನಗಳು ಲಾಟರಿ ಎತ್ತಿದ ವಾರದಲ್ಲೇ ತುಂಬಿಹೋಗುತ್ತವೆ.

ಗುರಿ ಪರೀಕ್ಷೆಯೂ ಇದೆ. 100 ಮೀಟರ್ ದೂರದಿಂದ, 14 ಸೆಂ.ಮೀ. ವೃತ್ತದೊಳಗೆ ಐದಕ್ಕೆ ಐದು ಗುಂಡು, ಐದು ನಿಮಿಷದಲ್ಲಿ. ರೈಫಲ್ ಕನಿಷ್ಠ 6 ಮಿ.ಮೀ. ಕ್ಯಾಲಿಬರ್, ಬುಲೆಟ್ ಕನಿಷ್ಠ 6.5 ಗ್ರಾಂ ಇರಬೇಕು. ಬೆಂಚಿನ ಮೇಲೆ ಚೀಲಕ್ಕೆ ಒರಗಿಸಿ ಅಭ್ಯಾಸ ಮಾಡಿದವರು ಗುಡ್ಡದಲ್ಲಿ ಸೋಲುತ್ತಾರೆ. ಅಲ್ಲಿ ಸಿಗುವುದು ಪಾಚಿ ಹತ್ತಿದ ಬಂಡೆ, ಬೆನ್ನಚೀಲ, ಇಲ್ಲವೇ ರೈಫಲ್ಲಿನ ಎರಡು ಕಾಲಿನ ಊರೆ, ಬೈಪಾಡ್. ಮಲಗಿ, ಮೈ ಏದುಸಿರು ಬಿಡುತ್ತಿರುವಾಗಲೇ ಹೊಡೆದು ಕಲಿಯಿರಿ.

ಗುಂಡು ಹಾರಿಸದೆ ಬರಿಗೈಯಲ್ಲಿ ಮರಳುವುದಕ್ಕೆ ಎರಡು ಮುಖ್ಯ ಕಾರಣಗಳು. ಒಂದು, ಹಿಂಡು ಒತ್ತೊತ್ತಾಗಿ ನಿಲ್ಲುವುದು. ಎದೆಗೂಡಿಗೆ ಬಿದ್ದ ಗುಂಡು ಆಚೆ ಹಾಯ್ದು ಹಿಂದಿರುವ ಕರುವಿಗೂ ತಾಗುತ್ತದೆ. ಪ್ರಾಣಿ ಒಂಟಿಯಾಗಿ, ಪಕ್ಕೆ ತೋರಿಸಿ ನಿಲ್ಲುವ ತನಕ ಕಾಯಲೇಬೇಕು. ಒಮ್ಮೊಮ್ಮೆ ಒಂದು ಗಂಟೆಯೂ ಆದೀತು. ಎರಡನೆಯದು ಮಂಜು. ಪೂರ್ವದ ಫ್ಯೋರ್ಡ್‌ಗಳಿಗೆ (ಗುಡ್ಡಗಳ ನಡುವೆ ಒಳಚಾಚಿದ ಕಡಲ ಕವಲುಗಳಿಗೆ) ಸಮುದ್ರದಿಂದ ನುಗ್ಗುವ ಮಂಜಿಗೆ ಆ ನಾಡಿನಲ್ಲೇ ಪ್ರತ್ಯೇಕ ಹೆಸರಿದೆ, ಅಷ್ಟು ಮಾಮೂಲಿ. ಎರಡು ದಿನ ಕವಿದು ಕೂತರೆ ಕೈ ಚಾಚಿದಷ್ಟೂ ಕಾಣಿಸದು. ಒಂದು ದಿನದ ಬೇಟೆಗೆ ಮೂರು ದಿನ ಎತ್ತಿಡಿ ಎನ್ನುವುದು ಅದಕ್ಕೇ.

ಇನ್ನು ನದಿ. ಬೇಟೆಯ ಪರವಾನಗಿ ಇಡೀ ಋತುವಿಗೆ ನಡೆಯುತ್ತದೆ, ನದಿಯ ‘ರಾಡ್’, ಅಂದರೆ ಒಂದು ಗಾಳ ಹಾಕುವ ಹಕ್ಕು, ಮಾತ್ರ ದಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಆ ದಿನ ತಪ್ಪಿದರೆ ಹಣ ಹೋಯಿತು. ಹಾಗಾಗಿ ಪರವಾನಗಿ ಸಿಕ್ಕ ಮೇಲೆ ಮೊದಲು ನದಿಯ ದಿನ ಗಟ್ಟಿ ಮಾಡಿ, ಅದರ ಮುಂಚಿನ ಮೂರು ದಿನ ಬೇಟೆಗೆ ಇಡಿ, ಕೊನೆಗೆ ಒಂದು ದಿನ ಖಾಲಿ ಬಿಡಿ. ಮಂಜಿನಿಂದ ಬೇಟೆ ಉಳಿದುಹೋದರೆ ಆ ಖಾಲಿ ದಿನ ಕೈ ಹಿಡಿಯುತ್ತದೆ. ಬೇಟೆ ಮುಂಚೆಯೇ ಮುಗಿದಿದ್ದರೆ ನೀವು ಗಾಳ ಹಾಕುವಷ್ಟು ದಿನ ಮಾಂಸ ತಂಪು ಕೋಣೆಯಲ್ಲಿ ತೂಗಿ ಹದವಾಗುತ್ತದೆ.

ಪೂರ್ವದ ಯೋಕ್ಲಾ ನದಿಯನ್ನು ಆರಿಸಿಕೊಂಡರೆ ಇನ್ನೊಂದು ಲೆಕ್ಕ ಸೇರುತ್ತದೆ. ಹಿಂದೆ ಅದು ಹಿಮನದಿಯ ಕೆಸರು ಹೊತ್ತು ಬೂದುಬಣ್ಣಕ್ಕೆ ಹರಿಯುತ್ತಿತ್ತು. ಕೌರಾನ್ಯೂಕರ್ ಅಣೆಕಟ್ಟು ಬಂದು ಆ ನೀರು ಹೌಲ್ಸ್‌ಲೋನ್ ಜಲಾಶಯಕ್ಕೆ ತಿರುಗಿದ ಮೇಲೆ ನದಿ ತಿಳಿಯಾಯಿತು, ಸಾಲ್ಮನ್ ಹತ್ತತೊಡಗಿತು. ಆದರೆ ಬೇಸಿಗೆಯ ಕೊನೆಗೆ ಜಲಾಶಯ ತುಂಬಿ ಕೋಡಿ ಬಿತ್ತೆಂದರೆ ಮತ್ತೆ ಕೆಸರು, ಮುಖ್ಯ ನದಿಯಲ್ಲಿ ಗಾಳ ವ್ಯರ್ಥ. ಸಾಮಾನ್ಯವಾಗಿ ಇದು ನಡೆಯುವುದು ಆಗಸ್ಟ್‌ನಲ್ಲೇ, ಅಂದರೆ ಬೇಟೆ ಅತ್ಯುತ್ತಮವಾಗಿರುವ ಹೊತ್ತಿನಲ್ಲೇ. ಕೋಡಿ ಬಿದ್ದ ಮೇಲೆ ಕಾಲ್ದೌ, ಲಾಕ್ಸೌ ಎಂಬ ಉಪನದಿಗಳಷ್ಟೇ ಗತಿ. ಆಗಸ್ಟ್ 20ರ ನಂತರ ಹೋಗುವವರು ಹಿಮನದಿಯ ಸಂಬಂಧವಿಲ್ಲದ ಬ್ರೇದ್‌ದಾಲ್ಸೌ ಥರದ ನದಿ ನೋಡುವುದು ಜಾಣತನ.

ನದಿಯಲ್ಲಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ಗಾಳ ಹಾಕುವಂತಿಲ್ಲ, ನಡುವೆ ವಿರಾಮ ಇರುತ್ತದೆ. ನದಿಯ ಬಾಡಿಗೆ ಸಾಮಾನ್ಯವಾಗಿ ಒಂದು ಮಧ್ಯಾಹ್ನದಿಂದ ಇನ್ನೊಂದು ಮಧ್ಯಾಹ್ನಕ್ಕೆ. ಕಾವೇರಿಯಲ್ಲಿ ಮಹಶೀರ್‌ಗೆ ಹಾಕುತ್ತಿದ್ದ ದಪ್ಪ ರಾಡು, ರಾಗಿಮುದ್ದೆ ಇಲ್ಲಿ ಕೆಲಸಕ್ಕೆ ಬಾರವು. ಬಹುತೇಕ ಕಡೆ ಫ್ಲೈ, ಅಂದರೆ ಕೊಕ್ಕೆಗೆ ಗರಿ, ಕೂದಲು ಕಟ್ಟಿದ ಕೃತಕ ಎರೆ, ಮಾತ್ರ. 9ರಿಂದ 10 ಅಡಿಯ, 7 ಅಥವಾ 8 ನಂಬರಿನ ರಾಡ್ ಸಾಕು. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ 14, 16 ನಂಬರಿನ ಪುಟ್ಟ ಕೊಕ್ಕೆಗೇ ಮೀನು ಬರುತ್ತದೆ. ಜೊತೆಗೆ ಒಂದೆರಡು ರೆಡ್ ಫ್ರಾನ್ಸಿಸ್, ಒಂದು ಸನ್‌ರೇ ಶ್ಯಾಡೋ ಫ್ಲೈ ಇರಲಿ.

ಬೇರೆ ದೇಶದಲ್ಲಿ ಬಳಸಿದ ರಾಡ್, ರೀಲ್, ಬಲೆ, ವೇಡರ್ (ನೀರಿಗಿಳಿಯುವ ಉಡುಪು) ಎಲ್ಲವನ್ನೂ ಸೋಂಕುಮುಕ್ತ ಮಾಡಿಸದೆ ಒಳಗೆ ಬಿಡುವುದಿಲ್ಲ. ಪಶುವೈದ್ಯರ ಪ್ರಮಾಣಪತ್ರ ತನ್ನಿ. ಇಲ್ಲದಿದ್ದರೆ ಹೊರದೇಶದ ವಿಮಾನಗಳು ಇಳಿಯುವ ಕೆಫ್ಲಾವಿಕ್ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಶುಲ್ಕ ಕಟ್ಟಿ ಮಾಡಿಸಬೇಕು. ಪೂರ್ವದ ಎಗಿಲ್‌ಸ್ಟಾದಿರ್‌ಗೆ ಒಳನಾಡಿನ ವಿಮಾನ ಹೊರಡುವುದು ಅಲ್ಲಿಂದಲ್ಲ, ಸುಮಾರು 50 ಕಿ.ಮೀ. ದೂರದ ರೇಕ್ಯಾವಿಕ್ ಊರೊಳಗಿನ ನಿಲ್ದಾಣದಿಂದ. ರೈಫಲ್‌ಗೆ ಪೊಲೀಸರ ತಾತ್ಕಾಲಿಕ ಅನುಮತಿ ಮೊದಲೇ ತರಿಸಿಕೊಂಡಿರಿ. ಕಾಗದ ತೋರಿಸುವುದು, ಗೇರ್ ತೊಳೆಸುವುದು, ಊರು ಸೇರುವುದು, ಇಷ್ಟಕ್ಕೆ ಎರಡು ವಿಮಾನಗಳ ನಡುವೆ ಐದು ಗಂಟೆ ಅಂತರ ಇಟ್ಟುಕೊಂಡರೆ ನಿರಾಳ. ಪ್ರವಾಸ ವಿಮೆಯಲ್ಲಿ ಬಂದೂಕಿನ ಬೇಟೆಯನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ.

ಮಾಂಸ ಕೆಡುವುದು ಹೆಚ್ಚಾಗಿ ಮೊದಲ ಗಂಟೆಯಲ್ಲೇ. ಹೊರಗೆ 8 ಡಿಗ್ರಿ ಇದ್ದರೂ ಆ ದಪ್ಪ ತುಪ್ಪಳದೊಳಗೆ ಕಾವು ಆರುವುದಿಲ್ಲ. ಬಿದ್ದ ತಕ್ಷಣ ರಕ್ತ ಇಳಿಸಿ, ಅರ್ಧ ಗಂಟೆಯೊಳಗೆ ಕರುಳು ತೆಗೆಯಬೇಕು. ದೊಡ್ಡ ಹೊಟ್ಟೆಗೆ ಚಾಕು ತಾಗಬಾರದು, ಒಳಗಿನ ಹುಳಿ ಮೇವು ಸೋರಿದರೆ ಮಾಂಸಕ್ಕೆ ವಾಸನೆ ಹಿಡಿಯುತ್ತದೆ. ಪ್ಲಾಸ್ಟಿಕ್ ಬೇಡ, ಗಾಳಿಯಾಡುವ ಬಟ್ಟೆ ಚೀಲ ಬೇಕು. ಅದೇ ದಿನ ಫ್ರೀಜರ್‌ಗೆ ಹಾಕಿದರೆ ಸ್ನಾಯು ಸೆಟೆದು ಮಾಂಸ ರಬ್ಬರಾಗುತ್ತದೆ. 4 ಡಿಗ್ರಿ ಆಸುಪಾಸಿನಲ್ಲಿ ಐದಾರು ದಿನ ತೂಗುಹಾಕಿ, ಆಮೇಲೆ ಕತ್ತರಿಸಿ.

ಮಾಂಸ, ತೊಗಲು, ಕೊಂಬು ಭಾರತಕ್ಕೆ ತರುವ ಯೋಚನೆ ಬಿಡಿ. ಪರವಾನಗಿ ಇಲ್ಲದೆ ಕಸ್ಟಮ್ಸ್ ದಾಟುವುದಿಲ್ಲ. ಯುರೋಪಿನಲ್ಲಿ ಮನೆ ಇರುವವರು ವ್ಯಾಕ್ಯೂಮ್ ಪ್ಯಾಕ್ ಮಾಡಿಸಿ, ಪೂರ್ತಿ ಹೆಪ್ಪುಗಟ್ಟಿದ ಮೇಲೆ ಥರ್ಮಕೋಲ್ ಪೆಟ್ಟಿಗೆಯಲ್ಲಿ ಸಾಮಾನಿನ ಜೊತೆ ಹಾಕಿ. ಪೆಟ್ಟಿಗೆಯ ತೂಕಕ್ಕೆ ಟಿಕೆಟ್ ತೆಗೆಯುವಾಗಲೇ ಬ್ಯಾಗೇಜ್ ಹಣ ಕಟ್ಟಿರಬೇಕು.