ತಿರುವಿನ ಹೊರಬದಿಯಲ್ಲಿ ನಿಲ್ಲಬೇಡಿ

ಗೋವಾದಲ್ಲಿ ಮಳೆಗಾಲ ಬಂತೆಂದರೆ ಕೆಸರಲ್ಲಿ ಜೀಪುಗಳ ಸ್ಪರ್ಧೆ, ನಾನಿರುವ ಪುಣೆಯಲ್ಲಿ ಮಣ್ಣಿನ ದಿಬ್ಬ ಹಾರುವ ಬೈಕುಗಳ ಸೂಪರ್‌ಕ್ರಾಸ್. ಇಲ್ಲಿ ನೆಲೆಸಿದ ಕನ್ನಡದವರಲ್ಲೂ ಇದರ ಹುಚ್ಚು ಹತ್ತಿಸಿಕೊಂಡವರು ಕಡಿಮೆಯಿಲ್ಲ. ಕ್ರೀಡಾಂಗಣದೊಳಗೆ ನಡೆದರೆ ಅಷ್ಟು ಚಿಂತೆಯಿಲ್ಲ. ಊರಾಚೆ ಗುಡ್ಡದಲ್ಲಿ ನಡೆಯುವ ಸಣ್ಣ ರೇಸ್‌ಗಳದ್ದೇ ಭಯ.

ಇತ್ತೀಚೆಗೆ ಅಂಥದ್ದೊಂದಕ್ಕೆ ಹೋಗಿದ್ದೆ. ಟ್ರ್ಯಾಕ್ ಗಕ್ಕನೆ ಎಡಕ್ಕೆ ಹೊರಳುವ ಕಡೆ, ಹೊರಬದಿಯ ದಿಬ್ಬದ ತುಂಬ ಜನ. ಅವರಿಗೂ ಗಾಡಿಗಳಿಗೂ ನಡುವೆ ಇದ್ದದ್ದು ಜಾಲಿ ಗಿಡಗಳಿಗೆ ಸುತ್ತಿದ್ದ ಕೆಂಪು–ಬಿಳಿ ಪ್ಲಾಸ್ಟಿಕ್ ಪಟ್ಟಿ ಮಾತ್ರ. ವಿಜಯಪುರದ ಕಡೆಯವರೊಬ್ಬರು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, "ಇಲ್ಲಿಂದ ಚೊಲೋ ಕಾಣಸ್ತೈತಿ, ಬರ್ರಿ ಸರ" ಎಂದು ಕರೆದರು. "ಹಿಡಿತ ತಪ್ಪಿದ ಗಾಡಿ ನೆಟ್ಟಗೆ ಇಲ್ಲಿಗೇ ನುಗ್ಗುತ್ತೆ, ಹುಡುಗನ್ನ ಕರಕೊಂಡು ಮೇಲಕ್ಕೆ ಬನ್ನಿ" ಎಂದೆ. ಪುಣ್ಯಕ್ಕೆ ಬಂದರು.

ಇದು ಹೆದರಿಸುವ ಮಾತಲ್ಲ. 2010ರ ಆಗಸ್ಟ್ 14ರಂದು ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ, ಕ್ಯಾಲಿಫೋರ್ನಿಯಾ 200 ರೇಸ್‌ನಲ್ಲಿ, ದಿಬ್ಬ ಹಾರಿದ ಟ್ರಕ್ಕೊಂದು ಮಗುಚಿ ಜನರ ಮೇಲೆ ಬಿತ್ತು. 8 ಮಂದಿ ಸತ್ತರು. ಅಲ್ಲಿ ತಡೆಗೋಡೆ ಇರಲಿಲ್ಲ. ಹಾರಿದ ಗಾಡಿ ಹತ್ತಿರದಿಂದ ಕಾಣಲಿ ಎಂದು ಜನ ಟ್ರ್ಯಾಕಿನ ಪಕ್ಕಕ್ಕೇ ಹೋಗಿ ನಿಂತಿದ್ದರು.

ಇನ್ನು ವಿಮೆ. ನನ್ನ ಅನ್ನದ ಕೆಲಸವೇ ಅದು, ಹಾಗಾಗಿ ಬಿಡಿಸಿ ಹೇಳುತ್ತೇನೆ. ರಸ್ತೆಯಲ್ಲಿ ಕಾರು ಗುದ್ದಿದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆಯಲ್ಲ, ರೇಸಿನಲ್ಲೂ ಇರುತ್ತದೆ ಎಂದುಕೊಂಡಿರುತ್ತೇವೆ. ನಿಮ್ಮ ಮನೆಯ ಕಾರಿನ ಪಾಲಿಸಿಯನ್ನೇ ತೆಗೆದು ನೋಡಿ: ವಾಹನವನ್ನು ಯಾವುದಕ್ಕೆ ಬಳಸಬಾರದು ಎಂಬ ಸಾಲಿನಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಎರಡೂ ಇರುತ್ತವೆ. ಆ ಷರತ್ತು ಮುರಿದಿದ್ದರೆ ವಿಮಾ ಕಂಪನಿ ಅದನ್ನೇ ತನ್ನ ವಾದವಾಗಿ ಮುಂದಿಡಲು 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಅವಕಾಶವಿದೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಹೆಸರು ಕೇಳಿ ಧೈರ್ಯ ತಂದುಕೊಳ್ಳುವವರಿದ್ದಾರೆ. ಅದು ಇರುವುದು ಅಪಾಯಕಾರಿ ರಾಸಾಯನಿಕಗಳಂಥ ವಸ್ತುಗಳನ್ನು ಇಟ್ಟುಕೊಂಡವರಿಗೆ, ರೇಸ್ ನಡೆಸುವವರಿಗಲ್ಲ. ಅಂದಮೇಲೆ ಸಂಘಟಕರು ಆ ಕಾರ್ಯಕ್ರಮಕ್ಕೆಂದೇ ಪ್ರತ್ಯೇಕ ಹೊಣೆಗಾರಿಕೆ ವಿಮೆ, ಅಂದರೆ ತಮ್ಮಿಂದ ಬೇರೆಯವರಿಗಾದ ಹಾನಿ ತುಂಬಿಕೊಡುವ ವಿಮೆ, ಮಾಡಿಸಿರಬೇಕು. ಅದರಲ್ಲಿ ಪ್ರೇಕ್ಷಕರೂ ಸೇರಿರಬೇಕು. ಅವತ್ತು ಗೇಟಿನಲ್ಲಿ ಕೇಳಿದರೆ ಟಿಕೆಟ್ ಹರಿಯುವ ಹುಡುಗ "ಸಗಳ ಆಹೆ ಸಾಹೇಬ್", ಎಲ್ಲ ಇದೆ ಎಂದ. ಏನಿದೆ, ಯಾರಿಗಿದೆ ಎಂದು ಹೇಳುವವರು ಯಾರೂ ಸಿಗಲಿಲ್ಲ. ಆಂಬುಲೆನ್ಸ್ ಇತ್ತು ನಿಜ. ಅದರ ಮುಂದೆ ಸಾಲಾಗಿ ಬೈಕುಗಳು ನಿಂತಿದ್ದವು. ಸಿಟ್ಟು ಬಂತು.

ಚಿಕ್ಕಮಗಳೂರು, ಕೊಡಗಿನಲ್ಲಿ ಕಾರು ರ‍್ಯಾಲಿ ನೋಡುವ ನಿಮಗೂ ಇದೇ ಮಾತು. ಎತ್ತರದಲ್ಲಿ, ದೂರದಲ್ಲಿ, ಮಾರ್ಷಲ್ (ಸುರಕ್ಷತೆ ನೋಡಿಕೊಳ್ಳುವ ಸಿಬ್ಬಂದಿ) ತೋರಿಸಿದ ಕಡೆ ನಿಲ್ಲಿ. ಸ್ಪರ್ಧಿಗಳಿಗಿಂತ ಮೊದಲು ಜೀರೋ ಕಾರು ಹಾದುಹೋಗುವುದು ದಾರಿಯ ಸುರಕ್ಷತೆ ನೋಡಲೆಂದೇ. ಜನ ಅಡ್ಡಾದಿಡ್ಡಿ ನಿಂತಿದ್ದರೆ ಆ ಸ್ಟೇಜೇ, ಅಂದರೆ ಸ್ಪರ್ಧೆಯ ಆ ಹಂತವೇ, ರದ್ದಾಗಬಹುದು. ಟಿಕೆಟ್ ತೆಗೆದುಕೊಳ್ಳುವ ಮುಂಚೆ ವಿಮೆಯ ಪ್ರಶ್ನೆಯನ್ನೂ ಕೇಳಿಬಿಡಿ. ಈಗ ನಮ್ಮ ಪುಣೆಯ ಗುಂಪಿನವರು ಸಂಘಟಕರಿಗೆ ಮೊದಲೇ ಫೋನ್ ಮಾಡಿ ಕೇಳುತ್ತೇವೆ, ಉತ್ತರ ಸಿಗದಿದ್ದರೆ ಹೋಗುವುದಿಲ್ಲ.